ನಾಲ್ಕು ಜನ ಸೇರುವ ಜಾಗ
(ಸುವರ್ಣ ಮಹೋತ್ಸವದ ಹಳೆಯ ವಿದ್ಯಾರ್ಥಿಗಳ ಸಮಾವೇಶದಲ್ಲಿ ಮಾಡಿದ ಭಾಷಣದ ಬರಹರೂಪ)



ಇದೇ ಶಾಲೆಯಲ್ಲಿ ಒಂಬತ್ತನೇ ತರಗತಿಯಲ್ಲಿದ್ದಾಗ ಭಾಷಣಸ್ಪರ್ಧೆಗೆ ಹೆಸರು ಕೊಟ್ಟಿದ್ದೆ. ಮೊದಲನೇ ವಾಕ್ಯ ಹೇಳಿದೆ. ಎರಡನೆಯದು ಬರಲಿಲ್ಲ. ಸ್ವಲ್ಪ ಹೊತ್ತು ಹಾಗೇ ನಿಂತು, ಕೈ ಮುಗಿದು ಇಳಿದುಬಿಟ್ಟೆ. ನೋಡಿದವರು ಹಲವರು ಇಲ್ಲಿದ್ದಾರೆ, ಈಗಲೂ ನಗುತ್ತಿದ್ದಾರೆ. ಹಾಗಾಗಿ ಇವತ್ತು ಕಾಗದದಲ್ಲಿ ಬರೆದುಕೊಂಡೇ ಬಂದಿದ್ದೇನೆ.

ಬಿ.ಇ. ಮುಗಿಸಿ ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಕೆಲಸಕ್ಕೆ ಸೇರಿದ ಮೇಲೆ, ಕಂಪನಿಯವರು ಹದಿನಾಲ್ಕು ತಿಂಗಳು ಸ್ಕಾಟ್ಲೆಂಡಿನ ಗ್ಲಾಸ್ಗೋ ನಗರಕ್ಕೆ ಕಳಿಸಿದ್ದರು. ಸಮಿತಿಯವರು ಫೋನ್ ಮಾಡಿ, "ಅಲ್ಲಿನ ಪೇಟೆ, ಹಳೇ ಕಟ್ಟಡ, ಪರಂಪರೆ ಬಗ್ಗೆ ಇಪ್ಪತ್ತು ನಿಮಿಷ ಮಾತಾಡು, ಮಕ್ಕಳಿಗೆ ಉಪಯೋಗ ಆಗ್ತದೆ" ಎಂದರು. ಒಪ್ಪಿಕೊಂಡೆ. ಆದರೆ ಬರೆಯಲು ಕುಳಿತಾಗ ಸ್ಕಾಟ್ಲೆಂಡ್ ಹಿಂದೆ ಸರಿಯಿತು, ನಮ್ಮೂರು ಮುಂದೆ ಬಂತು. ಯಾಕೆ ಹಾಗಾಯಿತು ಎನ್ನುವುದನ್ನೇ ಹೇಳುತ್ತೇನೆ.

ಅಲ್ಲಿ ಪ್ರತಿ ವರ್ಷ ಸೆಪ್ಟೆಂಬರಿನಲ್ಲಿ ಒಂದು ಕಾರ್ಯಕ್ರಮ ನಡೆಯುತ್ತದೆ. 'ಡೋರ್ಸ್ ಓಪನ್ ಡೇ' ಅಂತ ಹೆಸರು. ನಾವು 'ತೆರೆದ ಬಾಗಿಲ ದಿನ' ಅನ್ನಬಹುದು. 1990ರಲ್ಲಿ ಗ್ಲಾಸ್ಗೋ ಮತ್ತು ಏರ್ ಎಂಬ ಊರುಗಳಲ್ಲಿ ಶುರುವಾದದ್ದು, ಈಗ ಆ ದೇಶದ ತುಂಬ ಇದೆ. ಬೇರೆ ದಿನಗಳಲ್ಲಿ ನಮ್ಮಂಥವರು ಒಳಗೆ ಹೋಗಲಾಗದ ಕಟ್ಟಡಗಳ ಬಾಗಿಲನ್ನು ಆ ದಿನ ಎಲ್ಲರಿಗೂ ತೆರೆದಿಡುತ್ತಾರೆ. ಟಿಕೆಟ್ ಇಲ್ಲ. ಊರವರೇ ಬಾಗಿಲಲ್ಲಿ ನಿಂತು ವಿವರ ಹೇಳುತ್ತಾರೆ.

ನಾನು ಹೋದದ್ದು ಒಂದು ಹಳೆಯ ಸಭಾಭವನಕ್ಕೆ. ಬಾಗಿಲಲ್ಲಿ ಒಬ್ಬರು ಅಜ್ಜಿ, ಜೊತೆಗೆ ಅವರ ಮೊಮ್ಮಗಳು, ಹದಿನಾಲ್ಕು ವರ್ಷ ಇರಬಹುದು. ಆ ಹುಡುಗಿ ಕಾಗದ ನೋಡದೆ ಕಟ್ಟಡದ ಕಥೆ ಹೇಳಿದಳು. ಯಾರು ಕಟ್ಟಿದ್ದು, ಮರ ಎಲ್ಲಿಂದ ತಂದದ್ದು, ಯಾವ ಕಾಲದಲ್ಲಿ ಏನೇನು ನಡೆಯುತ್ತಿತ್ತು, ಎಲ್ಲ. ಕಡೆಗೆ ನನ್ನನ್ನು ಕೇಳಿದಳು: "ನಿಮ್ಮ ಊರಿನಲ್ಲಿ ಹಳೆಯದು ಏನಿದೆ?"

"ನಮ್ಮೂರ ಹತ್ತಿರ ಒಂದು ಕೋಟೆ ಇದೆ" ಅಂದೆ. ಇದು ಮೊದಲನೇ ವಾಕ್ಯ. "ಯಾರದು?" ಅಂದಳು. ಸೋದೆ ಅರಸರದು ಎನ್ನುವುದು ಬಿಟ್ಟರೆ ಮುಂದೆ ನನ್ನಲ್ಲಿ ಏನೂ ಇರಲಿಲ್ಲ. ಮತ್ತೊಮ್ಮೆ ಎರಡನೇ ವಾಕ್ಯಕ್ಕೇ ನಿಂತುಹೋದೆ. ಇಲ್ಲಿಂದ ಸೈಕಲ್ ತುಳಿದುಕೊಂಡು ಹೋಗಿ ಆ ಕೋಟೆಯಲ್ಲಿ ನೆಲ್ಲಿಕಾಯಿ ತಿಂದು ಬಂದವ ನಾನು. ಶಾಲೆಯ ಪ್ರವಾಸ ಅಂದಾಗ ಮೈಸೂರಿಗೆ ಹೋಗೋಣ ಎಂದು ಗಲಾಟೆ ಮಾಡಿದವನೂ ನಾನೇ. ಸೋದೆ ಹತ್ತಿರವೇ ಇತ್ತಲ್ಲ, ಅದನ್ನು ನೋಡುವುದೇನು ಎಂಬ ಧೋರಣೆ.

ಆ ರಾತ್ರಿಯಿಂದ ಓದಲು ಶುರು ಮಾಡಿದೆ. ಹದಿನಾರನೇ ಶತಮಾನದ ನಡುಭಾಗದಿಂದ ಸುಮಾರು ಇನ್ನೂರು ವರ್ಷ ಸೋದೆ ಒಂದು ಸಂಸ್ಥಾನದ ರಾಜಧಾನಿಯಾಗಿತ್ತು. ಘಟ್ಟದ ಮೇಲಿನ ಕಾಳುಮೆಣಸು ಅವರ ಸಂಪತ್ತು. ಕಾರವಾರದ ಹತ್ತಿರದ ಸದಾಶಿವಗಡಕ್ಕೆ ಆ ಹೆಸರು ಬಂದದ್ದು ಸೋದೆಯ ಅರಸ ಸದಾಶಿವನಿಂದ. ಶಾಲ್ಮಲಾ ನದಿಯ ಬಂಡೆಗಳ ಮೇಲಿನ ಸಹಸ್ರಲಿಂಗವನ್ನು ಕೆತ್ತಿಸಿದವನೂ ಸೋದೆಯ ಸದಾಶಿವರಾಯನೆಂದೇ ಹೇಳುತ್ತಾರೆ. ಅರಸಪ್ಪ ನಾಯಕನ ಕಾಲದಲ್ಲಿ ವಾದಿರಾಜರು ಇಲ್ಲಿದ್ದರು, 1600ರಲ್ಲಿ ಇಲ್ಲಿಯೇ ವೃಂದಾವನಸ್ಥರಾದರು. 1763ರ ಸುಮಾರಿಗೆ ಹೈದರಾಲಿಯ ಸೈನ್ಯ ಸೋದೆಯನ್ನು ಹಿಡಿಯಿತು. ಅರಸ ಗೋವೆಗೆ ಹೋಗಿ ಪೋರ್ಚುಗೀಸರ ಆಶ್ರಯದಲ್ಲಿ ಉಳಿದ. ರಾಜಧಾನಿ ಕಾಡಾಯಿತು.

ಇಷ್ಟು ಓದಿದಾಗ ನನಗೆ ಒಂದು ವಿಷಯ ಹೊಳೆಯಿತು. ಇವತ್ತು ನಾನು ಮುಖ್ಯವಾಗಿ ಹೇಳಬೇಕೆಂದು ಬಂದದ್ದು ಅದೇ.

ಸೋದೆಯ ಕೋಟೆ ಮತ್ತು ಸೋದೆಯ ಮಠಗಳು ಒಂದೇ ಸೀಮೆಯವು, ಒಂದೇ ಅರಸರ ಆಶ್ರಯ ಕಂಡವು. ಕೋಟೆಗೆ ಸೈನ್ಯ ಇತ್ತು, ಕಂದಕ ಇತ್ತು. ಇವತ್ತು ಅಲ್ಲಿ ಉಳಿದದ್ದು ಮುರಿದ ಗೋಡೆ ಮತ್ತು ಕೆತ್ತನೆಯ ಗಿಡ್ಡ ಕಂಬಗಳ ಮೇಲೆ ಕೂರಿಸಿದ ಒಂದು ದೊಡ್ಡ ಕಲ್ಲಿನ ಹಾಸು. ವಾದಿರಾಜ ಮಠ, ಸ್ವರ್ಣವಲ್ಲೀ ಮಠ, ಜೈನ ಮಠ, ಈ ಮೂರೂ ಇವತ್ತಿಗೂ ಇವೆ. ಹೈದರಾಲಿ ಬಂದು ಹೋದ ಮೇಲೂ ಜನ ಅಲ್ಲಿಗೆ ಹೋಗುವುದನ್ನು ಬಿಡಲಿಲ್ಲ. ರಥೋತ್ಸವಕ್ಕೆ ಹೋದರು, ಪಾಠಕ್ಕೆ ಹೋದರು, ಊಟಕ್ಕೂ ಹೋದರು. ಹೋಗುವವರು ಇದ್ದಾರೆಂದು ಯಾರೋ ಮಾಡಿಗೆ ಹಂಚು ಹೊದೆಸಿದರು, ಯಾರೋ ಕಸ ಗುಡಿಸಿದರು. ಕಟ್ಟಡವನ್ನು ಕಲ್ಲು ಕಾಯುವುದಿಲ್ಲ. ಅಲ್ಲಿಗೆ ಬಂದು ಹೋಗುವ ನಾಲ್ಕು ಜನ ಕಾಯುತ್ತಾರೆ.

ಶಿರಸಿಯ ಮಾರಿಕಾಂಬೆಯನ್ನೇ ನೋಡಿ. ಮುನ್ನೂರು ವರ್ಷಕ್ಕೂ ಹಳೆಯ ಗುಡಿ. ಒಳಗಿನ ಗೋಡೆಯ ಮೇಲಿನ ಕಾವಿ ಚಿತ್ರಗಳನ್ನು ನಿಂತು ನೋಡಿದವರು ನಮ್ಮಲ್ಲಿ ಎಷ್ಟು ಜನರೋ. ಆದರೆ ಎರಡು ವರ್ಷಕ್ಕೊಮ್ಮೆ ಬಿಡಕಿಬೈಲಿನಲ್ಲಿ ಜಾತ್ರೆ ಅಂದರೆ ಹೋಗದವರು ಯಾರು? ಜಾತ್ರೆ ಅಂದರೆ ದೇವಿಯ ದರ್ಶನ ಹೌದು, ಬಳೆ ಅಂಗಡಿ, ಬೆಂಡು ಬತ್ತಾಸು, ತೊಟ್ಟಿಲು, ನಾಟಕದ ಟೆಂಟು, ಯಕ್ಷಗಾನದ ಟೆಂಟೂ ಹೌದು. ಜಾತ್ರೆ ಇಲ್ಲದ ವರ್ಷ ಹೋಳಿಗೆ ಬೇಡರ ವೇಷ. ಪೇಟೆ, ರಂಗಭೂಮಿ, ಪರಂಪರೆ ಎಂದು ನಾವು ಮೂರು ಹೆಸರು ಹೇಳುತ್ತೇವೆ, ಜಾತ್ರೆಯಲ್ಲಿ ಅವು ಮೂರೂ ಒಂದೇ ಬಯಲಿನಲ್ಲಿರುತ್ತವೆ.

ಈಗ ಪೇಟೆಯ ಮಾತಿಗೆ ಬರುತ್ತೇನೆ. ನನ್ನ ಅಪ್ಪ ಶಿರಸಿಯ ಮಾರುಕಟ್ಟೆ ಯಾರ್ಡಿನಲ್ಲಿ ಹಮಾಲಿ ಮಾಡುತ್ತಿದ್ದರು. ಇಲ್ಲಿನ ಬಹಳಷ್ಟು ಮನೆಗಳ ಅಡಿಕೆ ಅವರ ಬೆನ್ನ ಮೇಲಿಂದ ಹೋಗಿದೆ. ರಜೆಯಲ್ಲಿ ನಾನೂ ಜೊತೆಗೆ ಹೋಗುತ್ತಿದ್ದೆ. ರೈತರು ತಂದ ಅಡಿಕೆಯನ್ನು ಬೇರೆ ಬೇರೆ ಲಾಟು ಮಾಡಿ ಇಡುತ್ತಾರೆ. ಹಸಿ ಅಡಿಕೆ ಸುಲಿದು, ಚೊಗರಿನಲ್ಲಿ ಬೇಯಿಸಿ ಒಣಗಿಸಿದರೆ ಕೆಂಪಡಿಕೆ. ಹಣ್ಣಡಿಕೆಯನ್ನು ಬಿಸಿಲಿಗೆ ಒಣಗಿಸಿ ಸುಲಿದರೆ ಚಾಲಿ. ಬೆಟ್ಟೆ, ಕೆಂಪುಗೋಟು, ಬಿಳಿಗೋಟು, ಕೋಕಾ ಎಂದು ಒಂದೊಂದಕ್ಕೂ ಹೆಸರು, ಒಂದೊಂದಕ್ಕೂ ದರ. ವ್ಯಾಪಾರಿಗಳು ಲಾಟಿನಿಂದ ಲಾಟಿಗೆ ಬಂದು, ಕೈಯಲ್ಲಿ ಹಿಡಿದು, ಒಡೆದು ನೋಡಿ, ದರ ಬರೆದು ಹಾಕುತ್ತಿದ್ದರು. ಹೆಚ್ಚು ಬರೆದವರಿಗೆ ಮಾಲು. ಅಪ್ಪ ಚೀಲ ಒಡೆದು ನೋಡುತ್ತಿರಲಿಲ್ಲ. "ಬೆನ್ನಿಗೆ ಬಿದ್ದಾಗ್ಲೇ ಗೊತ್ತಾಗ್ತದೆ, ಸರಿಯಾಗಿ ಒಣಗಿದ್ದೋ ಅಲ್ವೋ ಅಂತ" ಅನ್ನುತ್ತಿದ್ದರು. 2019ರಲ್ಲಿ ಶಿರಸಿ ಸುಪಾರಿಗೆ ಭೌಗೋಳಿಕ ಸೂಚಕ ಮಾನ್ಯತೆ ಬಂದ ಸುದ್ದಿ ಓದಿದಾಗ ನನಗೆ ಮೊದಲು ನೆನಪಾದದ್ದು ಆ ಮಾತು. ಬೆನ್ನಿಗೆ ಹೇಗೆ ಗೊತ್ತಾಗುತ್ತದೆ ಎಂದು ನಾನು ಒಮ್ಮೆಯೂ ಬಿಡಿಸಿ ಕೇಳಲಿಲ್ಲ. ಅಪ್ಪ ಈಗ ಇಲ್ಲ. ಆ ವಿದ್ಯೆಯೂ ಅವರ ಜೊತೆಗೇ ಹೋಯಿತು.

ಈ ಮಾರುಕಟ್ಟೆ ತಾನಾಗಿ ಹೀಗೆ ಆದದ್ದಲ್ಲ. ಬೆಳೆಗೆ ಮೊದಲೇ ಸಾಲ ಕೊಟ್ಟವನಿಗೇ, ಅವನು ಹೇಳಿದ ದರಕ್ಕೇ ಮಾಲು ಕೊಡಬೇಕಾದ ಕಾಲ ಒಂದಿತ್ತು. ಸಹಕಾರಿ ಸಂಘಗಳ ಕಾಯ್ದೆ ಬಂದದ್ದು 1904ರಲ್ಲಿ. ಮರುವರ್ಷವೇ ಗದಗದ ಹತ್ತಿರದ ಕಣಗಿನಹಾಳದಲ್ಲಿ ಸಂಘ ಹುಟ್ಟಿತು. 1923ರಲ್ಲಿ ಶಿರಸಿಯಲ್ಲಿ ತೋಟಗಾರ್ಸ್ ಕೋ-ಆಪರೇಟಿವ್ ಸೇಲ್ ಸೊಸೈಟಿ, ನಾವೆಲ್ಲ ಟಿ.ಎಸ್.ಎಸ್. ಅನ್ನುವುದು, ಶುರುವಾಯಿತು. ಅಡಿಕೆ ಮಾರಿಕೊಡುವುದಕ್ಕೆ ಹುಟ್ಟಿದ ಸಂಸ್ಥೆ ಆಮೇಲೆ ಮನೆಗೆ ಬೇಕಾದ ಸಾಮಾನನ್ನೂ ಕೊಡತೊಡಗಿತು. ಊರಿಗೆ ನೆಂಟರು ಬಂದರೆ ನಾವು ತೋರಿಸುವ ಜಾಗ ಎರಡು. ಒಂದು ಮಾರಿಗುಡಿ, ಇನ್ನೊಂದು ಟಿ.ಎಸ್.ಎಸ್. ಸೂಪರ್ ಮಾರ್ಕೆಟ್. ನಗಬೇಡಿ, ಇದು ಹೆಮ್ಮೆಯ ವಿಷಯವೇ. ಸದಸ್ಯರೇ ಒಡೆಯರಾಗಿರುವ ಅಷ್ಟು ದೊಡ್ಡ ಅಂಗಡಿ ಎಷ್ಟು ಊರಿನಲ್ಲಿದೆ?

ಇದರ ಬೆಲೆ ನನಗೆ ಗೊತ್ತಾದದ್ದು ಮಾತ್ರ ಗ್ಲಾಸ್ಗೋದಿಂದ ರೈಲಿನಲ್ಲಿ ಹೋಗಿ ನ್ಯೂ ಲ್ಯಾನಾರ್ಕ್ ಎಂಬ ಹಳ್ಳಿ ನೋಡಿದಾಗ. ಕ್ಲೈಡ್ ನದಿಯ ಜಲಪಾತದ ನೀರಿನಿಂದ ಓಡುತ್ತಿದ್ದ ಹತ್ತಿ ಗಿರಣಿಗಳ ಊರು ಅದು. 1786ರಲ್ಲಿ ಗಿರಣಿ ಆರಂಭ. 1800ರಿಂದ ರಾಬರ್ಟ್ ಓವೆನ್ ಎಂಬವರು ಅದರ ಆಡಳಿತ ನೋಡಿಕೊಂಡರು. ಆ ಕಾಲದಲ್ಲಿ ಗಿರಣಿ ಊರುಗಳ ಅಂಗಡಿಗಳಲ್ಲಿ ಕೆಲಸಗಾರರಿಗೆ ಕಳಪೆ ಸಾಮಾನನ್ನು ದುಬಾರಿಗೆ ಮಾರುವುದೇ ರೂಢಿ. ಓವೆನ್ ಒಳ್ಳೆಯ ಸಾಮಾನನ್ನು ಸಗಟಾಗಿ ತರಿಸಿ, ಅಸಲಿಗಿಂತ ಸ್ವಲ್ಪವೇ ಹೆಚ್ಚಿಗೆ ಮಾರಿಸಿದರು. ಆ ಸ್ವಲ್ಪ ಲಾಭವನ್ನೂ ಊರಿನ ಶಾಲೆಗೆ ಹಾಕಿದರು. ಹತ್ತು ವರ್ಷದೊಳಗಿನ ಮಕ್ಕಳನ್ನು ಗಿರಣಿಯಿಂದ ಬಿಡಿಸಿ ಶಾಲೆಗೆ ಕಳಿಸಿದರು. ಅಂಗಡಿಯ ಲಾಭದಿಂದ ನಡೆದ ಶಾಲೆ! ಇಂಗ್ಲೆಂಡಿನಲ್ಲಿ ಆಮೇಲೆ ಬೆಳೆದ ಸಹಕಾರಿ ಅಂಗಡಿಗಳಿಗೆ ಇದೂ ಒಂದು ಮಾದರಿಯಾಯಿತು.

1968ರಲ್ಲಿ ಆ ಗಿರಣಿ ಮುಚ್ಚಿತು. ಜನ ಊರು ಬಿಟ್ಟರು. ಮನೆಗಳು ಸೋರಿ ಬೀಳತೊಡಗಿದವು. ಸೋದೆಯ ಕೋಟೆಗೆ ಬಂದ ಗತಿಯೇ ಅದಕ್ಕೂ ಬರಬೇಕಿತ್ತು. 1970ರ ದಶಕದಲ್ಲಿ ಒಂದು ಟ್ರಸ್ಟ್ ಮಾಡಿಕೊಂಡು ಒಂದೊಂದೇ ಮನೆ ದುರಸ್ತಿ ಮಾಡಿ, ಮುಖ್ಯವಾಗಿ ಜನರನ್ನು ಮತ್ತೆ ಅಲ್ಲಿ ವಾಸಕ್ಕೆ ತಂದರು. 2001ರಲ್ಲಿ ಯುನೆಸ್ಕೋ ಅದನ್ನು ವಿಶ್ವ ಪರಂಪರೆಯ ತಾಣವೆಂದು ಗುರುತಿಸಿತು. ಆ ಹಳೆಯ ಅಂಗಡಿಯ ಎದುರು ನಿಂತಾಗ ನನಗೆ ನಮ್ಮ ಸೊಸೈಟಿಯ ಆಸಾಮಿ ಖಾತೆ ನೆನಪಾಯಿತು. ಹೊರಗಿನವರು ಟಿಕೆಟ್ ಕೊಟ್ಟು ನೋಡುವ ವಿಚಾರವೊಂದು ನಮ್ಮಲ್ಲಿ ಇನ್ನೂ ಜೀವಂತವಾಗಿ ದಿನಾ ಬೆಳಿಗ್ಗೆ ಬಾಗಿಲು ತೆರೆಯುತ್ತದೆ. ಅದನ್ನು ನಾವು ಪರಂಪರೆ ಎಂದು ಎಣಿಸುವುದೇ ಇಲ್ಲ.

ಇಷ್ಟೆಲ್ಲ ತಿಳಿದುಕೊಂಡು ಊರಿಗೆ ಬಂದವ ನಾನೇನು ಮಾಡಿದೆ? ಅದನ್ನೂ ಹೇಳಬೇಕು. ಹೇಳದಿದ್ದರೆ ಇದುವರೆಗಿನ ಮಾತಿಗೆ ಬೆಲೆ ಇಲ್ಲ.

ನಮ್ಮ ಮನೆಯಿಂದ ಶಾಲೆಗೆ ಬರುವ ದಾರಿಯಲ್ಲಿ ಒಂದು ಕಿರಾಣಿ ಅಂಗಡಿ ಇತ್ತು. ಹೆಸರು ಹೇಳುವುದಿಲ್ಲ, ನಿಮಗೆಲ್ಲ ಗೊತ್ತು. ಅಪ್ಪನಿಗೆ ಮಳೆಗಾಲದಲ್ಲಿ ಯಾರ್ಡಿನ ಕೆಲಸ ಕಡಿಮೆ. ಜೂನ್‌ನಿಂದ ನಾಲ್ಕು ತಿಂಗಳು ನಮ್ಮ ಮನೆಯ ಅಕ್ಕಿ, ಬೆಲ್ಲ, ಸೀಮೆಎಣ್ಣೆ ಎಲ್ಲ ಆ ಅಂಗಡಿಯ ಉದ್ರಿ ಪುಸ್ತಕದಲ್ಲಿ. ಎಸ್‌ಎಸ್‌ಎಲ್‌ಸಿ ಪರೀಕ್ಷೆಗೆ ಪೆನ್ನು, ಜಾಮಿಟ್ರಿ ಬಾಕ್ಸ್ ಕೊಟ್ಟದ್ದೂ ಅಲ್ಲಿಯೇ, ಅದೂ ಉದ್ರಿ. ಆ ಜಗಲಿಯ ಮೇಲೆ ಪೇಪರ್ ಓದುತ್ತಿದ್ದರು, ಬಸ್ಸಿಗೆ ಕಾಯುತ್ತಿದ್ದರು, ಯಾರ ಮನೆಯಲ್ಲಿ ಹುಷಾರಿಲ್ಲ, ಯಾವ ಮೇಳದ ಆಟ ಎಲ್ಲಿ ಎನ್ನುವುದೆಲ್ಲ ಅಲ್ಲಿಯೇ ಗೊತ್ತಾಗುತ್ತಿತ್ತು.

ವಿದೇಶದಿಂದ ಬಂದ ವರ್ಷ ನಾನು ಅಮ್ಮನ ಕೈಗೆ ಸ್ಮಾರ್ಟ್‌ಫೋನ್ ಕೊಟ್ಟು, ಬೆಂಗಳೂರಿನಿಂದಲೇ ಆನ್‌ಲೈನ್‌ನಲ್ಲಿ ಸಾಮಾನು ಕಳಿಸಲು ಶುರು ಮಾಡಿದೆ. ಅಮ್ಮನಿಗೆ ಅನುಕೂಲ ಆಗಲಿ ಎಂಬ ಆಸೆ. ಮೂರನೇ ಪಾರ್ಸಲ್ ಬಂದಾಗ ಅಮ್ಮ ಫೋನ್ ಮಾಡಿ, "ಬೆಲ್ಲನೂ ಅಲ್ಲಿಂದಲೇ ಬರಬೇಕೇನೋ ಮಗಾ? ಆ ಅಂಗಡಿ ಮುಂದೆ ಹಾದು ಹೋಗ್ಲಿಕ್ಕೆ ನಂಗೆ ನಾಚಿಕೆ ಆಗ್ತದೆ" ಅಂದರು. ಡಿಸ್ಕೌಂಟಿನ ಲೆಕ್ಕ ಹೇಳಿ ಅವರ ಬಾಯಿ ಮುಚ್ಚಿಸಿದೆ. ಎರಡು ವರ್ಷದಲ್ಲಿ ಅಂಗಡಿ ಮುಚ್ಚಿತು. ನಾನೊಬ್ಬನೇ ಕಾರಣ ಅಲ್ಲ. ಅವರಿಗೂ ವಯಸ್ಸಾಗಿತ್ತು, ಮಕ್ಕಳು ಊರಲ್ಲಿಲ್ಲ. ಆದರೆ ಉದ್ರಿಯಲ್ಲಿ ಬೆಳೆದವ, ನಗದು ಬಂದ ಕೂಡಲೇ ಬೇರೆ ಕಡೆ ಹೋದೆ. ಅದು ನಿಜ.

ಮುಚ್ಚಿದ್ದು ಬರೀ ಅಂಗಡಿಯಲ್ಲ, ಜಗಲಿಯೂ ಹೌದು. ಈಗ ಅಮ್ಮನಿಗೆ ಸಾಮಾನು ಮನೆ ಬಾಗಿಲಿಗೆ ಬರುತ್ತದೆ. ಮಾತಾಡಲಿಕ್ಕೆ ಯಾರೂ ಬರುವುದಿಲ್ಲ.

ಸೇರುವ ಜಾಗ ಅಂದರೆ ಸಣ್ಣದಲ್ಲ ಎನ್ನುವುದಕ್ಕೆ ಇದೇ ಸೀಮೆಯ ಒಂದು ಉದಾಹರಣೆ ಕೊಡುತ್ತೇನೆ. 1983ರ ಸೆಪ್ಟೆಂಬರಿನಲ್ಲಿ ನಮ್ಮ ಸಾಲ್ಕಣಿ ಕಡೆಯ ಜನ ಕಾಡಿಗೆ ಹೋಗಿ, ಕಡಿಯಲು ಗುರುತು ಹಾಕಿದ ಮರಗಳನ್ನು ಅಪ್ಪಿಕೊಂಡು ನಿಂತರು. ಅಪ್ಪಿಕೋ ಚಳವಳಿ ಎಂದು ದೇಶಕ್ಕೆಲ್ಲ ಹೆಸರಾದದ್ದು ಅದು. ನಾನಾಗ ಹುಟ್ಟಿರಲಿಲ್ಲ. ಆದರೆ ಯೋಚಿಸಿ, ಆಗ ಮೊಬೈಲ್ ಇಲ್ಲ, ಫೋನಿದ್ದ ಮನೆಯೇ ಅಪರೂಪ. ಗಂಡಸರು, ಹೆಂಗಸರು, ಮಕ್ಕಳು ಒಟ್ಟಾಗಿ ಹೊರಡಬೇಕೆಂದರೆ ಅದಕ್ಕೆ ಮೊದಲು ಅವರು ಎಲ್ಲೋ ಕುಳಿತು ಮಾತಾಡಿರಲೇಬೇಕು. ಯುವಕ ಮಂಡಳಿ, ಜಗಲಿ, ಅಂಗಳ, ಇಂಥ ಜಾಗಗಳೇ ಇಲ್ಲದಿದ್ದರೆ ಜನ ಸೇರುವುದು ಹೇಗೆ?

ನಮ್ಮ ಶಾಲೆಯ ಮೈದಾನವೂ ಅಂಥದೇ ಜಾಗ. ಹಗಲು ಕಬಡ್ಡಿ, ರಾತ್ರಿ ಆಟ. ಇದೇ ಮೈದಾನದಲ್ಲಿ ಚಾಪೆ ಹಾಸಿ ಕುಳಿತು ಚಂಡೆಯ ಸದ್ದಿಗೆ ಎಚ್ಚರಾಗಿ, ಮತ್ತೆ ನಿದ್ದೆ ಹೋಗಿ, ಬೆಳಗಿನ ಜಾವ ಮಂಗಳ ಹಾಡುವಾಗ ಎದ್ದವರು ನಾವು. ಊರಿಗೆ ಶಾಲೆ ಐವತ್ತು ವರ್ಷ ಪಾಠ ಹೇಳಿದ್ದು ಮಾತ್ರ ಅಲ್ಲ, ಎಲ್ಲ ಜಾತಿಯ, ಎಲ್ಲ ಕೇರಿಯ ಮಕ್ಕಳನ್ನು ಒಂದೇ ಬೆಂಚಿನ ಮೇಲೆ ಕೂರಿಸಿದೆ. ಹಮಾಲರ ಮಗನೂ ತೋಟದ ಒಡೆಯರ ಮಗನೂ ಒಂದೇ ಬುತ್ತಿಯ ಉಪ್ಪಿನಕಾಯಿ ಹಂಚಿಕೊಂಡದ್ದು ಇಲ್ಲಿಯೇ.

ಕೊನೆಯದಾಗಿ ಒಂದು ವಿನಂತಿ. ಸುವರ್ಣ ಮಹೋತ್ಸವದ ನೆನಪಿಗೆ ಶಾಲೆಯ ಎದುರು ಮಹಾದ್ವಾರ ಕಟ್ಟಿಸಬೇಕೆಂಬ ಮಾತು ಹಳೆಯ ವಿದ್ಯಾರ್ಥಿಗಳ ವಾಟ್ಸ್‌ಆ್ಯಪ್ ಗುಂಪಿನಲ್ಲಿ ನಡೆದಿದೆ. ಕಟ್ಟಿಸಿ, ನನ್ನ ಪಾಲಿನ ಹಣ ಕೊಡುತ್ತೇನೆ. ಜೊತೆಗೆ, ವರ್ಷಕ್ಕೆ ಒಂದು ದಿನ ಇರುವ ಬಾಗಿಲುಗಳನ್ನೇ ತೆರೆಯೋಣ ಎಂದು ಕೇಳಿಕೊಳ್ಳುತ್ತೇನೆ. ಮಳೆಗಾಲ ಮುಗಿದ ಮೇಲೆ ಒಂದು ಭಾನುವಾರ ಇರಲಿ. ಸೋದೆಯ ಕೋಟೆಯಲ್ಲಿ ನಮ್ಮ ಶಾಲೆಯ ನಾಲ್ಕು ಮಕ್ಕಳು ನಿಂತು ಬಂದವರಿಗೆ ಕಥೆ ಹೇಳಲಿ. ಸಹಸ್ರಲಿಂಗದಲ್ಲಿ ನಾಲ್ಕು ಮಕ್ಕಳು. ಸೊಸೈಟಿಯ ಗೋದಾಮಿನಲ್ಲಿ ಯಾವ ಅಡಿಕೆ ಯಾವುದು ಎಂದು ತೋರಿಸಲು ನಾಲ್ವರು. ಕುಲುಮೆ, ಹಳೆಯ ಅಡಿಕೆ ಅಟ್ಟ, ಯಕ್ಷಗಾನದ ವೇಷದ ಪೆಟ್ಟಿಗೆ ಇಟ್ಟುಕೊಂಡಿರುವ ಮನೆ, ಯಾರು ಒಪ್ಪುತ್ತಾರೋ ಅವರ ಬಾಗಿಲು. ಮಕ್ಕಳು ಮೊದಲು ಹಿರಿಯರ ಹತ್ತಿರ ಹೋಗಿ ಕೇಳಬೇಕು, ಬರೆದುಕೊಳ್ಳಬೇಕು, ಆಮೇಲೆ ಹೇಳಬೇಕು. ಖರ್ಚು ಹೆಚ್ಚಿಲ್ಲ. ನೋಟ್‌ಬುಕ್ಕು, ಒಂದು ವ್ಯಾನು, ಎಲ್ಲರಿಗೂ ಊಟ. ಮೊದಲ ಮೂರು ವರ್ಷದ್ದು ನಮ್ಮ ಬ್ಯಾಚಿನವರು ಹೊರುತ್ತೇವೆ. ಮಾಡುವುದೋ ಬೇಡವೋ ಎನ್ನುವುದು ಮುಖ್ಯೋಪಾಧ್ಯಾಯರಿಗೆ, ಸಮಿತಿಗೆ ಬಿಟ್ಟದ್ದು.

"ನೀನು ಸಾಫ್ಟ್‌ವೇರಿನವ, ಇದಕ್ಕೊಂದು ಆ್ಯಪ್ ಮಾಡಿಕೊಡು" ಎಂದು ಈಗಾಗಲೇ ಇಬ್ಬರು ಹೇಳಿದ್ದಾರೆ. ಆ್ಯಪ್ ಮಾಡುವುದು ನನಗೆ ಎರಡು ವಾರದ ಕೆಲಸ. ಅದರೊಳಗೆ ತುಂಬುವ ಮಾತನ್ನು ಕೂಡಿಹಾಕುವುದು ವರ್ಷಗಳ ಕೆಲಸ, ಹೇಳಬಲ್ಲವರು ಒಬ್ಬೊಬ್ಬರಾಗಿ ಹೋಗುತ್ತಿದ್ದಾರೆ. ನನ್ನ ಅಪ್ಪನನ್ನು ನಾನು ಕೇಳಲಿಲ್ಲ. ನೀವು ನಿಮ್ಮವರನ್ನು ಕೇಳಿ.

ನಿನ್ನೆ ಸಂಜೆ ಆ ಕಿರಾಣಿ ಅಂಗಡಿಯವರ ಮನೆಗೆ ಹೋಗಿದ್ದೆ. ಕ್ಷಮೆ ಕೇಳಬೇಕೆಂದು ಹೋದದ್ದು, ಮಾತು ಸರಿಯಾಗಿ ಬರಲಿಲ್ಲ, ಯಥಾಪ್ರಕಾರ ಎರಡನೇ ವಾಕ್ಯಕ್ಕೆ ನಿಂತಿತು. ಅವರೇ ಚಹಾ ಕೊಟ್ಟು ಸುಧಾರಿಸಿದರು. ತೆರೆದ ಬಾಗಿಲ ದಿನಕ್ಕೆ ನಿಮ್ಮ ಅಂಗಡಿಯನ್ನು ಒಂದು ದಿನ ತೆರೆಯಬಹುದೇ ಎಂದು ಕೇಳಿದೆ. ತಕ್ಕಡಿ, ಪಾವು, ಸೇರು, ಮೂವತ್ತು ವರ್ಷದ ಉದ್ರಿ ಪುಸ್ತಕಗಳು ಎಲ್ಲ ಹಾಗೇ ಇವೆಯಂತೆ. "ತೆಗೀಲಿಕ್ಕೆ ಅಡ್ಡಿ ಇಲ್ಲ. ಆದ್ರೆ ಉದ್ರಿ ಪುಸ್ತಕದಲ್ಲಿ ನಿನ್ನ ಜಾಮಿಟ್ರಿ ಬಾಕ್ಸಿಂದು ಬಾಕಿ ಇನ್ನೂ ಇದೆ, ನೋಡ್ಕೋ" ಅಂದರು.

ಅವರು ಇವತ್ತು ಇಲ್ಲಿಯೇ ಮೂರನೇ ಸಾಲಿನಲ್ಲಿ ಕುಳಿತಿದ್ದಾರೆ. ಬಾಕಿ ತೀರಿಸಲಿಕ್ಕೆ ಆ ದಿನ ಬರುತ್ತೇನೆ ಎಂದು ಎಲ್ಲರ ಎದುರಿಗೆ ಮಾತು ಕೊಡುತ್ತಿದ್ದೇನೆ. ನೀವೂ ಬನ್ನಿ. ಆ ಜಗಲಿಯ ಮೇಲೆ ಒಂದು ದಿನವಾದರೂ ನಾಲ್ಕು ಜನ ಕೂರೋಣ.